ದುಗ್ಗಳೆಯ ಮನೆತನ ಮತ್ತು ಕಾಲವಿಚಾರ

ಸುರಪುರ ಸೀಮೆಯ ಮುದನೂರು ಜೇಡರ ದಾಸಿಮಯ್ಯನ ಊರೆಂದು ಪ್ರಸಿದ್ಧವಾಗಿದೆ. ಅಲ್ಲಿಯ ರಾಮನಾಥನೇ ಆತನ ವಚನಗಳ ಅಂಕಿತ. ಆತನ ಪತ್ನಿಯಾದ ದುಗ್ಗಳೆಯ ವಿಷಯದಲ್ಲಿ ಮಾತ್ರ, ಪತಿಭಕ್ತಿಯ ಪ್ರಶಂಸೆಯೊಂದನ್ನು ಬರೆದು ಮುಂದೆ ಸಾಗುವುದು ನಮ್ಮವರ ವಾಡಿಕೆ. ಆಕೆಯ ವೃತ್ತಾಂತವನ್ನು ಶೋಧಿಸಹೊರಟರೆ ದಾಸಿಮಯ್ಯನ ಕಾಲವೇ ಚರ್ಚೆಗೆ ಬರುವುದೆಂಬುದನ್ನು ಇಲ್ಲಿ ತೋರಿಸಬೇಕಾಗಿದೆ.

ಅರಸುಮನೆತನದ ಸ್ತ್ರೀಯರ ವಂಶವನ್ನು ತಿಳಿಯುವುದು ಅಷ್ಟು ಕಷ್ಟವಲ್ಲ. ಕಿಸುಕಾಡು ಎಪ್ಪತ್ತನ್ನು ಆಳಿದ ಅಕ್ಕಾದೇವಿಯು ದಶವರ್ಮನ ಮಗಳು, ಇಮ್ಮಡಿ ತೈಲಪನ ಮೊಮ್ಮಗಳು, ಇಮ್ಮಡಿ ಜಯಸಿಂಹನ ಸೋದರಿ ಎಂಬುದು ಚಾಲುಕ್ಯ ಶಾಸನಗಳಿಂದ ಸ್ಪಷ್ಟವಾಗಿದೆ. ನೆಯ್ಗೆಯವನ ಹೆಂಡತಿಗೆ ಶಾಸನ ಬರೆಯಿಸುವರಾರು? ಆಕೆಗಿರುವುದು ಎರಡು ವಚನಗಳು. ಅವುಗಳಲ್ಲಿ ತಾಯಿತಂದೆಗಳ ಹೆಸರಿಲ್ಲ. 'ದಾಸಯ್ಯಪ್ರಿಯ ರಾಮನಾಥ' ಎಂಬ ಅಂಕಿತದಲ್ಲಿ ಗಂಡನ ಹೆಸರೂ ಆತನ ದೈವದ ಹೆಸರೂ ಕೂಡಿಬಂದಿವೆ. ಮರಳು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಕೊಟ್ಟು, ಬೇರೆ ಸೌದೆಯಿಲ್ಲದೆ ಪಾಯಸವನ್ನು ಮಾಡಬಲ್ಲ ಕನ್ಯೆಯನ್ನು ದಾಸಿಮಯ್ಯನು ವರಿಸಿದನೆಂಬ ಕಥೆ ಸೊಗಸಾಗಿದೆ. ಆದರೆ ಅದು ಆಕೆಯ ಜಾಣ್ಮೆಯನ್ನು ಹೇಳುತ್ತದೆಯೇ ಹೊರತು ವಂಶಕ್ಕೆ ಪ್ರಮಾಣವಾಗದು.

ಇನ್ನು ಕಾಲದ ವಿಚಾರ. ಸಂಪ್ರದಾಯವು ದಾಸಿಮಯ್ಯನನ್ನು ಜಯಸಿಂಹನ ರಾಣಿಯಾದ ಸುಗ್ಗಲೆಯ ಗುರುವೆನ್ನುತ್ತದೆ. ಜಯಸಿಂಹನ ಆಳಿಕೆ ಕ್ರಿ. ಶ. 1015ರಿಂದ ಸುಮಾರು 1042ರ ವರೆಗೆ. ಆದರೆ ದುಗ್ಗಳೆಯ ವಚನವೊಂದು ಬಸವಣ್ಣ, ಚೆನ್ನಬಸವಣ್ಣ ಮೊದಲಾದವರಿಂದ ತನಗಾದ ಪ್ರಸಾದಲಾಭವನ್ನು ಸ್ಮರಿಸುತ್ತದೆ. ಬಸವಣ್ಣನು ಐಕ್ಯನಾದುದು 1167ರ ಸುಮಾರಿಗೆ. ನೂರು ವರ್ಷಕ್ಕೂ ಮಿಕ್ಕ ಈ ಅಂತರವನ್ನು ಒಂದು ದಾಂಪತ್ಯದಲ್ಲಿ ಅಡಗಿಸುವುದೆಂತು?

ರಾಣಿಯ ಗುರುವಾದ ದೇವರ ದಾಸಿಮಯ್ಯನೇ ಬೇರೆ, ನೆಯ್ಗೆಯ ಜೇಡರ ದಾಸಿಮಯ್ಯನೇ ಬೇರೆ ಎಂಬ ಪಕ್ಷವೊಂದುಂಟು. ದುಗ್ಗಳೆಯ ಮಾತನ್ನು ನಂಬುವುದಾದರೆ ಈ ಪಕ್ಷವೇ ಬಲವಾಗುತ್ತದೆ. ಇಬ್ಬರೂ ಒಬ್ಬನೇ ಎನ್ನುವವರು ಆ ವಚನವನ್ನು ಪ್ರಕ್ಷಿಪ್ತವೆನ್ನಬೇಕಾಗುವುದು. ವಚನಗಳು ನಮಗೆ ದೊರೆತಿರುವುದು ಬಹುಮಟ್ಟಿಗೆ 15ನೆಯ ಶತಮಾನ ಮತ್ತು ಅದರ ಅನಂತರದ ಪ್ರತಿಗಳಲ್ಲಿಯಾದುದರಿಂದ ಅಂತಹ ಸಂಶಯಕ್ಕೆ ಎಡೆಯಿಲ್ಲದಿಲ್ಲ. ಆದರೆ ಪುರಾಣದ ರಾಣಿಯನ್ನು ಉಳಿಸಿಕೊಳ್ಳುವುದಕ್ಕಾಗಿ, ಹೆಂಡತಿಯು ತಾನಾಗಿ ನುಡಿದ ಸಾಕ್ಷ್ಯವನ್ನು ತಳ್ಳಿಹಾಕುವುದು ನ್ಯಾಯವಾಗಿ ತೋರುವುದಿಲ್ಲ. ಸುಗ್ಗಲೆ, ದುಗ್ಗಳೆ ಎಂಬ ಹೆಸರುಗಳ ಪ್ರಾಸವೂ ಕಥೆಗಾರರನ್ನು ಮರುಳುಮಾಡಿರಬಹುದು. ಆದುದರಿಂದ ಬಲವತ್ತರವಾದ ವಿರುದ್ಧ ಪ್ರಮಾಣ ದೊರೆಯುವವರೆಗೆ ದುಗ್ಗಳೆಯನ್ನೂ ಆಕೆಯ ಪತಿಯನ್ನೂ 12ನೆಯ ಶತಮಾನದಲ್ಲಿಯೇ ಇರಿಸುವುದು ಯುಕ್ತ.