ಮೆಡಿಕಲ್ ಸೀಟು ಸಿಗೋ ಹಂಗಿದೆಯಾ? ಕ್ಲಾಸ್ ಶುರುವಾಗೋಕೆ ಮುಂಚಿನ ರಜೆ, ರೂಮು, ರೊಕ್ಕದ ಲೆಕ್ಕ ಹೀಗಿರಲಿ

ಕೊಪ್ಪಳ: ನೀಟ್ ಮುಗಿದು ರಿಸಲ್ಟ್ ಬಂದ ಮೇಲೆ ಜಿಲ್ಲೆಯ ಬಹಳಷ್ಟು ಮನೆಗಳಲ್ಲಿ ಕೇಳೋ ಮಾತು ಒಂದೇ: 'ಸೀಟು ಸಿಗಲಿ, ಆಮೇಲೆ ನೋಡೂಣು.' ತೊಂದರೆ ಶುರುವಾಗೋದು ಇಲ್ಲೇ. ಸೀಟು ಹಂಚಿಕೆಗೆ ತಿಂಗಳುಗಟ್ಟಲೆ ಕಾಯಿಸ್ತಾರೆ. ಹಂಚಿಕೆ ಆದ ಮೇಲೆ ಶುಲ್ಕ ಕಟ್ಟಿ ಕಾಲೇಜಿಗೆ ಹೋಗೋಕೆ ಮಾತ್ರ ಕೆಲವೇ ದಿನ ಕೊಡ್ತಾರೆ. ಆ ದಿನ ತಪ್ಪಿದ್ರೆ ಸೀಟೇ ಹೋಗುತ್ತೆ. ಕೆಲಸ ಯಾವುದು ಮೊದಲು, ಯಾವುದು ಆಮೇಲೆ ಅಂತ ಇಲ್ಲಿದೆ ನೋಡಿ.

ಎಷ್ಟು ದಿನ ಸಿಗುತ್ತೆ?

2024ರ ಉದಾಹರಣೆ ತಗೊಳ್ಳಿ. ನೀಟ್ ನಡೆದಿದ್ದು ಮೇ 5ಕ್ಕೆ, ರಿಸಲ್ಟ್ ಬಂದಿದ್ದು ಜೂನ್ 4ಕ್ಕೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕ್ಯಾಲೆಂಡರ್ ಪ್ರಕಾರ ಎಂಬಿಬಿಎಸ್ ತರಗತಿ ಶುರುವಾಗಿದ್ದು ಅಕ್ಟೋಬರ್ 1ಕ್ಕೆ. ಅಂದ್ರೆ ಪರೀಕ್ಷೆ ಮುಗಿದು ಹತ್ತಿರ ಐದು ತಿಂಗಳು. ಪ್ರತಿ ವರ್ಷ ದಿನಾಂಕ ಹಿಂದೆ ಮುಂದೆ ಆಗುತ್ತೆ, ಕೌನ್ಸೆಲಿಂಗ್ ಮುಂದಕ್ಕೆ ಹೋಗೋದೂ ಉಂಟು. ಅದಕ್ಕೇ ದೂರದ ಪ್ರವಾಸ ಏನಿದ್ರೂ ಮೊದಲ ಸುತ್ತಿನ ಹಂಚಿಕೆಗೆ ಮುಂಚೆಯೇ ಮುಗಿಸಿ. ಹಂಚಿಕೆ ಶುರುವಾದ ಮೇಲೆ ಒಂದೇ ದಿನದಲ್ಲಿ ಮನೆ ಮುಟ್ಟೋ ದೂರದಲ್ಲಿರಿ.

ಮೊದಲು ಕಾಗದಪತ್ರ

ನಮ್ಮ ಜಿಲ್ಲೆ ಕಲ್ಯಾಣ ಕರ್ನಾಟಕಕ್ಕೆ ಸೇರಿದೆ. 371(ಜೆ) ಅಡಿ ಈ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ 70%, ರಾಜ್ಯದ ಉಳಿದ ಕಡೆ 8% ಮೀಸಲಾತಿ ಇದೆ. ಇದಕ್ಕೆ ಸಹಾಯಕ ಆಯುಕ್ತರ ಕಚೇರಿಯ ಅರ್ಹತಾ ಪ್ರಮಾಣಪತ್ರ ಬೇಕು. ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತೆ. ಗ್ರಾಮೀಣ, ಕನ್ನಡ ಮಾಧ್ಯಮ ಕೋಟಾ ಕೇಳೋರು 1ರಿಂದ 10ನೇ ತರಗತಿವರೆಗಿನ ವ್ಯಾಸಂಗದ ದಾಖಲೆ ಹೊಂದಿಸ್ಕೊಳ್ಳಿ. ಆಧಾರ್, ಎಸ್ಸೆಸ್ಸೆಲ್ಸಿ, ಪಿಯುಸಿ ದಾಖಲೆಗಳಲ್ಲಿ ಹೆಸರಿನ ಅಕ್ಷರ ಒಂದೇ ತರ ಇದೆಯಾ ಅಂತ ಇವತ್ತೇ ನೋಡಿ.

ಕಾಲೇಜಿನವರು ಸಾಮಾನ್ಯವಾಗಿ ಮೂಲ ದಾಖಲೆಗಳನ್ನ ತಾವೇ ಇಟ್ಕೊಳ್ತಾರೆ. ಸ್ಕಾಲರ್‌ಶಿಪ್ಪಿಗೆ, ಸಾಲಕ್ಕೆ ಮತ್ತೆ ಬೇಕಾಗುತ್ತೆ. ಎಲ್ಲದರದ್ದೂ ಸ್ಕ್ಯಾನ್ ಮಾಡಿಸಿ ಫೋನಲ್ಲಿಡಿ, ನಾಲ್ಕೈದು ಸೆಟ್ ಜೆರಾಕ್ಸ್ ಕೈಯಲ್ಲಿರಲಿ.

ರೂಮಿಗೆ ಅಡ್ವಾನ್ಸ್ ಕೊಡೋಕೆ ಅವಸರ ಬೇಡ

ಕೆಇಎ ಸುತ್ತಿನಲ್ಲಿ ಚಾಯ್ಸ್-1 ಅಂದ್ರೆ ಸಿಕ್ಕ ಸೀಟು ಒಪ್ಪಿ ಕಾಲೇಜಿಗೆ ಸೇರೋದು. ಚಾಯ್ಸ್-2 ಅಂದ್ರೆ ಶುಲ್ಕ ಕಟ್ಟಿ, ಇದಕ್ಕಿಂತ ಒಳ್ಳೇದು ಸಿಗುತ್ತೇನೋ ಅಂತ ಮುಂದಿನ ಸುತ್ತಿಗೆ ಕಾಯೋದು. ಚಾಯ್ಸ್-2 ಹಾಕಿದೋರ ಊರು ಇನ್ನೂ ಬದಲಾಗಬಹುದು. ಮೊದಲ ಸುತ್ತಲ್ಲಿ ಬೀದರ್ ಸಿಕ್ಕಿದೋರಿಗೆ ಎರಡನೇ ಸುತ್ತಲ್ಲಿ ಹುಬ್ಬಳ್ಳಿ ಬಂದ್ರೆ ಬೀದರಿನ ಪಿಜಿಗೆ ಕೊಟ್ಟ ಅಡ್ವಾನ್ಸ್ ವಾಪಸ್ ಬರೋದು ಕಷ್ಟ. ಸೀಟು ಪಕ್ಕಾ ಆಗೋವರೆಗೆ ಬರೀ ವಿಚಾರಿಸಿಡಿ: ಹಾಸ್ಟೆಲ್ ಇದೆಯಾ, ಮೊದಲ ವರ್ಷದವರಿಗೆ ಕೊಡ್ತಾರಾ, ಮೆಸ್ ಹೆಂಗೆ, ನೀರು ಹೆಂಗೆ. ಚಾಯ್ಸ್ ನಿಯಮ ಆ ವರ್ಷದ ಕೆಇಎ ಸೂಚನೆಯಲ್ಲೇ ಓದಿ. ಸೈಬರ್ ಸೆಂಟರಿನವರ ಮಾತಿನ ಮೇಲೆ ಬಟನ್ ಒತ್ತಬೇಡಿ.

ಹಾಸ್ಟೆಲ್ ಸಿಕ್ರೆ ಮೊದಲ ವರ್ಷ ಅದೇ ಒಳ್ಳೇದು. ಸೀನಿಯರ್‌ಗಳ ಪುಸ್ತಕ, ಅನಾಟಮಿಗೆ ಬೇಕಾದ ಮೂಳೆ ಸೆಟ್ಟು ಅಲ್ಲೇ ಕಡಿಮೆಗೆ ಸಿಗುತ್ತೆ. ಹಂಗಾಗಿ ಸೇರೋಕೆ ಮುಂಚೆ ಸಾವಿರಾರು ರೂಪಾಯಿ ಪುಸ್ತಕಕ್ಕೆ ಸುರೀಬೇಡಿ. ಬಿಳಿ ಕೋಟು ಒಂದೆರಡು ಸಾಕು.

ರೊಕ್ಕ: ಕೈಸಾಲಕ್ಕೆ ಮುಂಚೆ ಬ್ಯಾಂಕಿಗೆ ಹೋಗಿ

ಕೊನೇ ಗಳಿಗೆಯಲ್ಲಿ ಬಡ್ಡಿಗೆ ತಂದು ಶುಲ್ಕ ಕಟ್ಟೋ ಕುಟುಂಬ ನಮ್ಮಲ್ಲಿ ಕಡಿಮೆ ಇಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ರೂ. ವರೆಗೆ ಆಸ್ತಿ ಅಡಮಾನ ಕೇಳೋದಿಲ್ಲ. ಅರ್ಜಿ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ. ಮಂಜೂರಾಗೋಕೆ ಟೈಮ್ ಹಿಡಿಯುತ್ತೆ, ಹಂಚಿಕೆಗೆ ಮುಂಚೆಯೇ ಮ್ಯಾನೇಜರ್ ಹತ್ರ ಮಾತಾಡಿಡಿ. ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ ಪೋರ್ಟಲ್ ಇದೆ, ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಅರಿವು ಸಾಲ ಇದೆ. ವಿದ್ಯಾರ್ಥಿ ಹೆಸರಿನ ಖಾತೆಗೆ ಆಧಾರ್ ಜೋಡಣೆ ಆಗಿರಲೇಬೇಕು.

ಮೊದಲ ತಿಂಗಳ ಖರ್ಚು ಬೇರೆಯೇ ಬರ್ಕೊಳ್ಳಿ: ಹಾಸ್ಟೆಲ್ ಠೇವಣಿ, ಹಾಸಿಗೆ, ಬಕೆಟ್ಟು, ಮೆಸ್, ಅಪ್ಪ-ಅವ್ವ ಬಿಟ್ಟು ಬರೋಕೆ ಹೋಗೋ ಖರ್ಚು.

ರಜೆಯಲ್ಲಿ ಏನು ಮಾಡ್ಬೇಕು?

ಮೊದಲು ನಿದ್ದೆ. ಒಂದೆರಡು ವರ್ಷ ಲಾಂಗ್ ಟರ್ಮ್ ಕೋಚಿಂಗ್ ಮಾಡಿದೋರಿಗಂತೂ ಇದು ಆರಾಮಲ್ಲ, ಔಷಧಿ. ಕೋರ್ಸ್ ನಾಲ್ಕೂವರೆ ವರ್ಷ, ಮೇಲೊಂದು ವರ್ಷ ಇಂಟರ್ನ್‌ಶಿಪ್. ಥಿಯರಿಗೆ 75%, ಪ್ರಾಕ್ಟಿಕಲ್‌ಗೆ 80% ಹಾಜರಾತಿ ಬೇಕು. ಮತ್ತೆ ಇಂಥ ಉದ್ದ ರಜೆ ಸಿಗೋದು ಅಪರೂಪ. ಅನಾಟಮಿ ಈಗಲೇ ಓದೋಕೆ ಕೂರಬೇಡಿ, ಕಾಲೇಜಲ್ಲಿ ಮೊದಲಿಂದಲೇ ಹೇಳ್ಕೊಡ್ತಾರೆ. ಶುರುವಲ್ಲಿ ಫೌಂಡೇಷನ್ ಕೋರ್ಸ್ ಅಂತಾನೇ ಇರುತ್ತೆ.

ಬದಲಿಗೆ ಇವನ್ನ ಮಾಡಿ:

• ಹೆಪಟೈಟಿಸ್-ಬಿ ಲಸಿಕೆ ಆಗಿದೆಯಾ ವೈದ್ಯರನ್ನ ಕೇಳಿ. ದೊಡ್ಡವರಿಗೆ ಸಾಮಾನ್ಯವಾಗಿ 0, 1, 6 ತಿಂಗಳಿಗೆ ಮೂರು ಡೋಸ್, ಬೇಗ ಶುರು ಮಾಡಿದ್ರೆ ಒಳ್ಳೇದು.
• ಕಣ್ಣು, ಹಲ್ಲು ತೋರಿಸ್ಕೊಳ್ಳಿ.
• ಅನ್ನ-ಸಾರು ಮಾಡೋದು, ಬಟ್ಟೆ ಒಗೆಯೋದು, ಬ್ಯಾಂಕ್ ಚಲನ್ ತುಂಬೋದು ಕಲೀರಿ.
• ಕನ್ನಡ ಮಾಧ್ಯಮದವರು ದಿನಾ ಅರ್ಧ ತಾಸು ಇಂಗ್ಲಿಷ್ ಪೇಪರ್ ಗಟ್ಟಿಯಾಗಿ ಓದಿ.
• ಅಜ್ಜ-ಅಜ್ಜಿ ಜೊತೆ ಕೂತ್ಕೊಳ್ಳಿ. ಮುಂದೆ ಹಬ್ಬಕ್ಕೂ ಬರೋಕಾಗದೇ ಇರಬಹುದು.

ಹೋಗೋ ದಿನ, ಹೋದ ಮೇಲೆ

ಬೆಂಗಳೂರು, ಮೈಸೂರಿಗೆ ಹೋಗೋರಿಗೆ ಕೊಪ್ಪಳದಿಂದ ಹಂಪಿ ಎಕ್ಸ್‌ಪ್ರೆಸ್ ಇದೆ. ರೈಲು ಟಿಕೆಟ್ 60 ದಿನ ಮುಂಚೆ ಓಪನ್ ಆಗುತ್ತೆ, ಕಾಲೇಜು ರಜೆ ಪಟ್ಟಿ ಸಿಕ್ಕ ದಿನವೇ ದೀಪಾವಳಿ ಟಿಕೆಟ್ ನೋಡ್ಕೊಳ್ಳಿ. ಹೋಗೋವಾಗ ಸಾಮಾನು ಕಡಿಮೆ ಇರಲಿ, ಉಳಿದಿದ್ದು ಎರಡನೇ ಸಲ ತಗೊಂಡು ಹೋಗಬಹುದು.

ರ‍್ಯಾಗಿಂಗ್ ಆದ್ರೆ ಸುಮ್ಮನಿರಬೇಡಿ. ರಾಷ್ಟ್ರೀಯ ಸಹಾಯವಾಣಿ 1800-180-5522, ಉಚಿತ ಕರೆ. ನಂಬರ್ ಮಕ್ಕಳ ಫೋನಲ್ಲೂ ಇರಲಿ, ಪಾಲಕರ ಫೋನಲ್ಲೂ ಇರಲಿ.

ಪಾಲಕರಿಗೊಂದು ಮಾತು. ಮೊದಲ ಎರಡು ತಿಂಗಳು 'ವಾಪಸ್ ಬರ್ತೀನಿ' ಅಂತ ಅಳೋ ಮಕ್ಕಳು ಬಹಳ. ಬೈಬೇಡಿ, 'ಊರವರು ಏನಂತಾರೆ' ಅನ್ನಬೇಡಿ. ಫೋನ್ ಮಾಡಿದಾಗ ಮೊದಲು ಮಾರ್ಕ್ಸ್ ಕೇಳೋ ಬದಲು 'ಉಂಡೇನು?' ಅಂತ ಕೇಳಿ.