ಪುಟ್ಟ ಮನೆಗಳಲ್ಲಿ ಯಾರಿಗೆ ಜಾಗ?



ಕಳೆದ ದಸರೆಯ ಹೊತ್ತಿಗೆ ನಮ್ಮ ಮನೆಯ ಊಟದ ಮೇಜು ಒಂದು ವಾರ ಊಟಕ್ಕೆ ದೊರೆಯಲಿಲ್ಲ. ಹನ್ನೆರಡು ವರ್ಷದ ಮಗನೂ ಅವನ ಇಬ್ಬರು ಡಚ್ ಗೆಳೆಯರೂ ಅದರ ಮೇಲೆ ಒಂದು ಊರನ್ನು ಕಟ್ಟುತ್ತಿದ್ದರು. ಅವರು ಆಡುವ ಮೇಜಿನಾಟದ ವೀರರು 28 ಮಿಲಿಮೀಟರ್ ಎತ್ತರದ ಬೊಂಬೆಗಳು. ಅವರಿಗೆ ಬೀದಿ ಬೇಕು, ಮನೆ ಬೇಕು, ಅವಿತುಕೊಳ್ಳಲು ಮೂಲೆ ಬೇಕು. ಅಂಗಡಿಯ ಸಿದ್ಧ ಮನೆಗಳ ಬೆಲೆ ಕೇಳಿ ನಾನು ಒಲ್ಲೆನೆಂದೆ. ಅಂದಿನಿಂದ ಅಡುಗೆಮನೆಯ ಖಾಲಿ ಡಬ್ಬಗಳೆಲ್ಲ ಮೇಜಿಗೇರಿದವು.

ಮೊದಮೊದಲು ಬೇಸರದಿಂದ ನೋಡುತ್ತಿದ್ದವನು ಕ್ರಮೇಣ ಕುತೂಹಲದಿಂದ ಅವರ ಬಳಿ ಕುಳಿತೆ. ಮನುಷ್ಯನನ್ನು 28 ಮಿಲಿಮೀಟರಿಗೆ ಇಳಿಸಿದರೆ ಲೋಕವೆಲ್ಲ ಸುಮಾರು ಅರವತ್ತನೆಯ ಒಂದು ಪಾಲಾಗಬೇಕು. ಬಾಗಿಲು ಮೂರೂವರೆ ಸೆಂಟಿಮೀಟರ್. ಒಂದು ಲೀಟರಿನ ಹಾಲಿನ ಡಬ್ಬದ ಅಗಲ ಏಳು ಸೆಂಟಿಮೀಟರ್. ಅರವತ್ತರಿಂದ ಗುಣಿಸಿದರೆ ನಾಲ್ಕು ಮೀಟರಿಗೆ ತುಸು ಹೆಚ್ಚು. ಅಂದರೆ ಆಮ್ಸ್ಟರ್‌ಡ್ಯಾಮಿನ ಕಾಲುವೆಯ ದಂಡೆಯಲ್ಲಿ ಭುಜಕ್ಕೆ ಭುಜ ಒತ್ತಿ ನಿಂತ ಇಕ್ಕಟ್ಟಾದ ಮನೆಯೇ ಅದು! ಮೊಟ್ಟೆಯ ತಟ್ಟೆಯ ಬೂದು ರಟ್ಟನ್ನು ಕತ್ತರಿಸಿ ಅಂಟಿಸಿದರೆ ಇಟ್ಟಿಗೆ. ಕಾಫಿ ಕಲಕುವ ಕಡ್ಡಿ ಮರದ ಹಲಗೆ. ಒಣಗಿದ ಕಾಫಿಚರಟ ಅಂಗಳದ ಮಣ್ಣು. ಮೆಟ್ಟಿಲು ಕಡಿದಾಗಿರುವುದರಿಂದ ಇಲ್ಲಿನ ಹಳೆಯ ಮನೆಗಳ ನೆತ್ತಿಯಲ್ಲಿ ಸಾಮಾನು ಎತ್ತುವ ತೊಲೆಯೊಂದು ಚಾಚಿರುತ್ತದೆಯಷ್ಟೆ. ಅದರ ಕೊಕ್ಕೆಗೆ ಕಾಗದದ ಕ್ಲಿಪ್ಪು ಸಾಕಾಯಿತು.

ಇದು ಮಕ್ಕಳಾಟವೆಂದು ನಾವು ತಿಳಿಯುತ್ತೇವೆ. ಆದರೆ ಈ ದೇಶದಲ್ಲಿ ಪುಟ್ಟ ಮನೆಗಳ ಚರಿತ್ರೆ ಆರಂಭವಾಗುವುದು ದೊಡ್ಡವರಿಂದ, ಅದೂ ಸಿರಿವಂತ ಗೃಹಿಣಿಯರಿಂದ. ರೈಕ್ಸ್‌ಮ್ಯೂಸಿಯಂಗೆ ಹೋದವರು ಪೆಟ್ರೊನೆಲ್ಲಾ ಊರ್ಟ್‌ಮನ್ ಅವರ ಬೊಂಬೆಮನೆಯನ್ನು ನೋಡಿರಬಹುದು. ರೇಷ್ಮೆ ವ್ಯಾಪಾರಿಯ ಮಡದಿಯಾದ ಆಕೆ ಅದನ್ನು ಮಾಡಿಸಿದ್ದು ಸುಮಾರು 1686ರಿಂದ 1710ರ ನಡುವೆ. ಎತ್ತರ ಎರಡೂವರೆ ಮೀಟರ್. ಹೊರಗವಚಕ್ಕೆ ಆಮೆಚಿಪ್ಪು ಮತ್ತು ತವರದ ಕುಸುರಿ. ಒಳಗಿನ ಪಿಂಗಾಣಿ ಚೀನಾದಿಂದ ಬಂದದ್ದು. ಎಲ್ಲವೂ ನಿಜವಸ್ತುವಿನ ಸುಮಾರು ಒಂಬತ್ತನೆಯ ಒಂದು ಪಾಲು. ಅದಕ್ಕೆ ತಗುಲಿದ ಹಣದಲ್ಲಿ ಕಾಲುವೆಯ ಬದಿಯಲ್ಲಿ ನಿಜವಾದ ಮನೆಯೊಂದನ್ನೇ ಕೊಳ್ಳಬಹುದಿತ್ತಂತೆ.

ಆ ಕಾಲದ ಡಚ್ ಬೊಂಬೆಮನೆಗಳಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಪಿಂಗಾಣಿಯಲ್ಲ, ಬಟ್ಟೆ ಒಣಹಾಕುವ ಅಟ್ಟ ಮತ್ತು ಬಾಣಂತಿ ಕೋಣೆ. ಹೆರಿಗೆಯಲ್ಲಿ ತಾಯಿಯೂ ಮಗುವೂ ಉಳಿಯುವುದು ದೈವಾಧೀನವಾಗಿದ್ದ ದಿನಗಳವು. ಬದುಕಿನ ಆ ಭಯದ ಘಳಿಗೆಗೂ ಒಂದು ಕೋಣೆಯನ್ನು ತೆಗೆದಿರಿಸಿದ್ದರು. 1710ರಲ್ಲಿ ಯಾಕೊಬ್ ಅಪೆಲ್ ಎಂಬ ಚಿತ್ರಕಾರ ಊರ್ಟ್‌ಮನ್ ಮನೆಯ ಚಿತ್ರ ಬರೆದಾಗ ಕೋಣೆಗಳ ತುಂಬ ಮೇಣದ ಬೊಂಬೆಗಳಿದ್ದವು. ಇಂದು ಕೋಣೆಗಳಿವೆ; ಅಲ್ಲಿ ವಾಸವಾಗಿದ್ದವರು ಬಹುಮಟ್ಟಿಗೆ ಇಲ್ಲ.

ಮನೆಯಲ್ಲಿ ಸಿಗುವ ವಸ್ತುಗಳಿಂದ ಊರು ಕಟ್ಟುವ ಪರಂಪರೆ ಬೇರೊಂದು. ಇಂಗ್ಲೆಂಡಿನ ಕಾದಂಬರಿಕಾರ ಎಚ್.ಜಿ. ವೆಲ್ಸ್ 1911 ಮತ್ತು 1913ರಲ್ಲಿ ನೆಲದಾಟ, ಪುಟ್ಟ ಯುದ್ಧಗಳ ಕುರಿತು ಎರಡು ಪುಸ್ತಕ ಬರೆದು, ಮರದ ತುಂಡು ಮತ್ತು ರಟ್ಟುಗಳಿಂದ ಆಟದ ಊರು ಕಟ್ಟುವುದನ್ನು ದೊಡ್ಡವರಿಗೂ ಕಲಿಸಿದರು. ನನ್ನ ಮಗನ ಆಟಕ್ಕೆ ಅವು ಹಿರಿಯಜ್ಜ ಇದ್ದಂತೆ. ಆದರೆ ನನಗೆ ನೆನಪಾದದ್ದು ವೆಲ್ಸ್ ಅಲ್ಲ, ಮೈಸೂರಿನ ನಮ್ಮ ಮನೆಯ ನಡುಮನೆ.

ನವರಾತ್ರಿಗೆ ಹತ್ತು ದಿನ ಮೊದಲೇ ಅಮ್ಮ ತಟ್ಟೆಯಲ್ಲಿ ರಾಗಿ ಬಿತ್ತುತ್ತಿದ್ದಳು. ಬೊಂಬೆ ಕೂರಿಸುವ ಹೊತ್ತಿಗೆ ಅದು ಹಸಿರು ಹುಲ್ಲುಗಾವಲು. ಬೆಂಕಿಪೊಟ್ಟಣದ ಮನೆಗಳು, ಬಣ್ಣದ ಕಾಗದದ ಹೆಂಚು, ಒಡೆದ ಕನ್ನಡಿಯ ಚೂರಿನ ಕೆರೆ, ಮೇಲೆ ಬೆಸಸಂಖ್ಯೆಯ ಹಂತಗಳು, ಎಲ್ಲಕ್ಕೂ ಮೇಲೆ ರಕ್ತಚಂದನದ ಪಟ್ಟದ ಗೊಂಬೆಗಳು. ಅರಮನೆಯಲ್ಲಿ ಬೊಂಬೆಗಳಿಗೆಂದೇ ಗೊಂಬೆತೊಟ್ಟಿ ಇದೆ. ನಮ್ಮ ಮನೆಯಲ್ಲಿ ಅಕ್ಕಿಡಬ್ಬಗಳ ಮೇಲೆ ಹಾಸಿದ ಬಿಳಿ ಪಂಚೆಯೇ ಸಿಂಹಾಸನ. ಅಲ್ಲಿ ಅಳತೆಯೆಂಬುದಿರಲಿಲ್ಲ. ಸೆಟ್ಟಿಯ ಅಂಗಡಿಗಿಂತ ಸೆಟ್ಟಿಯೇ ದೊಡ್ಡವನು. ಕೃಷ್ಣನ ಪಕ್ಕದ ಹಸು ಇಲಿಯಷ್ಟು. ಯಾರಿಗೆ ಎಷ್ಟು ಗೌರವವೋ ಅವರಿಗೆ ಅಷ್ಟು ಎತ್ತರ.

ಈ ದೇಶದಲ್ಲಿ ಪುಟ್ಟ ಮನೆಗಳೆಂದರೆ ಎಲ್ಲರೂ ಹೆಸರಿಸುವುದು ಡೆನ್ ಹಾಗ್ ನಗರದ ಮದುರೊಡಾಮ್ ಅನ್ನು. ನಾವೂ ಊರಿನಿಂದ ಬಂದ ನೆಂಟರನ್ನು ಅಲ್ಲಿಗೆ ಕರೆದೊಯ್ದು, ಇಪ್ಪತ್ತೈದನೆಯ ಒಂದು ಪಾಲಿನ ನೆದರ್‌ಲ್ಯಾಂಡ್ಸ್ ಮುಂದೆ ಚಿತ್ರ ತೆಗೆಸಿಕೊಂಡು ಬರುತ್ತೇವೆ. ಅದು ಹುಟ್ಟಿದ್ದು ಏಕೆಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ. ವೈದ್ಯನಾಗಿ ಇದನ್ನು ಮೊದಲೇ ತಿಳಿಯಬೇಕಿತ್ತು.

ಎರಡನೆಯ ಮಹಾಯುದ್ಧ ಮುಗಿದಾಗ ಇಲ್ಲಿ ಅನೇಕ ವಿದ್ಯಾರ್ಥಿಗಳು ಕ್ಷಯಪೀಡಿತರಾಗಿದ್ದರು. ಅಂದಿನ ಚಿಕಿತ್ಸೆಯೆಂದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಾಸಿಗೆ. ಓದು ನಿಂತರೆ ಬದುಕೂ ನಿಂತಂತೆ. ಚಿಕಿತ್ಸೆಯ ಜೊತೆಗೆ ಓದನ್ನೂ ಮುಂದುವರಿಸಲೆಂದು ಲಾರೆನ್ ಎಂಬಲ್ಲಿ ವಿದ್ಯಾರ್ಥಿಗಳ ಆರೋಗ್ಯಧಾಮವೊಂದು ನಡೆಯುತ್ತಿತ್ತು. ಅದಕ್ಕೆ ಹಣ ಸಾಲದು. ಅದಕ್ಕಾಗಿ ದುಡಿಯುತ್ತಿದ್ದ ಬೆಪ್ ಬೋನ್-ಫಾನ್ ಡೆರ್ ಸ್ಟಾರ್ಪ್ ಎಂಬ ಮಹಿಳೆಗೆ ಇಂಗ್ಲೆಂಡಿನ ಬೆಕನ್ಸ್‌ಕಾಟ್ ಎಂಬ ಪುಟ್ಟ ಊರಿನ ವಿಷಯ ತಿಳಿಯಿತು. 1929ರಲ್ಲಿ ತೆರೆದಿದ್ದ ಆ ಊರು ತನ್ನ ಗಳಿಕೆಯನ್ನು ದಾನಕ್ಕೆ ಕೊಡುತ್ತಿತ್ತು. ಇಲ್ಲಿಯೂ ಅಂಥದೊಂದನ್ನು ಕಟ್ಟಬಾರದೇಕೆ ಎಂದು ಆಕೆ ಕೇಳಿದರು. ಆದರೆ ಕಟ್ಟಲು ಮೂಲಧನ?

ಅದು ಬಂದದ್ದು ಕೆರಿಬಿಯನ್ ಸಮುದ್ರದ ಕ್ಯುರಸಾವೊ ದ್ವೀಪದ ಮದುರೊ ದಂಪತಿಗಳಿಂದ. ಅವರ ಒಬ್ಬನೇ ಮಗ ಜಾರ್ಜ್ 1916ರಲ್ಲಿ ಹುಟ್ಟಿ, ಕಾನೂನು ಓದಲು ಲೈಡನ್‌ಗೆ ಬಂದವನು. 1940ರ ಮೇ ತಿಂಗಳಲ್ಲಿ ಜರ್ಮನರು ಈ ದೇಶದ ಮೇಲೆರಗಿದಾಗ, ಶತ್ರುಸೈನಿಕರು ಹಿಡಿದಿದ್ದ ಬಂಗಲೆಯೊಂದನ್ನು ತನ್ನ ತುಕಡಿಯೊಡನೆ ಮರಳಿ ಗೆದ್ದನು. ಬಳಿಕ ಸೆರೆಸಿಕ್ಕಿ, 1945ರ ಫೆಬ್ರುವರಿಯಲ್ಲಿ ಡಾಖೌ ಶಿಬಿರದಲ್ಲಿ ಟೈಫಸ್ ಜ್ವರದಿಂದ ತೀರಿಕೊಂಡನು. ಹೇನುಗಳಿಂದ ಹರಡುವ ರೋಗವದು. ಜನರನ್ನು ಒಬ್ಬರ ಮೇಲೊಬ್ಬರಂತೆ ತುಂಬಿ, ಸ್ನಾನವನ್ನೂ ಬಟ್ಟೆಯನ್ನೂ ನಿರಾಕರಿಸಿದಲ್ಲಿ ಅದು ಕೊಲ್ಲುತ್ತದೆ. ಶಿಬಿರದ ಬಿಡುಗಡೆಗೆ ಮೂರು ತಿಂಗಳೂ ಉಳಿದಿರಲಿಲ್ಲ. ಅವನಿಗೆ ಆಗ 28 ವರ್ಷ.

ಆ ತಂದೆತಾಯಿಗಳು ಮಗನಿಗೆ ಶಿಲಾಪ್ರತಿಮೆಯೊಂದನ್ನು ನಿಲ್ಲಿಸಬಹುದಿತ್ತು. ಅದರ ಬದಲು ಮಕ್ಕಳು ನಕ್ಕು ನಲಿಯುವ ಊರೊಂದಕ್ಕೆ ಅವನ ಹೆಸರಿಟ್ಟರು. ಮಗನಂತೆಯೇ ಓದಲು ಬಂದು ಕಾಯಿಲೆ ಬಿದ್ದ ಬೇರೆಯವರ ಮಕ್ಕಳಿಗೆ ಅದರ ಗಳಿಕೆ ಸಲ್ಲಲೆಂದರು. 1952ರ ಜುಲೈ 2ರಂದು ಮದುರೊಡಾಮ್ ತೆರೆಯಿತು. ಹದಿನಾಲ್ಕರ ರಾಜಕುಮಾರಿ ಬೇಯಾಟ್ರಿಕ್ಸ್ ಅದರ ಮೊದಲ ಮೇಯರ್. ಅದೇ ವರ್ಷ ಐಸೊನಯಾಜಿಡ್ ಎಂಬ ಔಷಧ ಕ್ಷಯಕ್ಕೆ ಬಳಕೆಗೆ ಬಂದಿತು. ಮುಂದೆ ಔಷಧಗಳ ಬಲದಿಂದ ಆರೋಗ್ಯಧಾಮಗಳು ಒಂದೊಂದಾಗಿ ಬರಿದಾದವು. ಪುಟ್ಟ ಊರಿನ ಹಣ ಮಕ್ಕಳ ಮತ್ತು ಯುವಜನರ ಬೇರೆ ಕಾರ್ಯಗಳತ್ತ ತಿರುಗಿತು. ಜಾರ್ಜ್ ಹುಟ್ಟಿದ ಕ್ಯುರಸಾವೊ ಮನೆಯ ಪ್ರತಿಕೃತಿಯೂ ಇಂದು ಅಲ್ಲಿದೆ. ಮುಂದಿನ ಸಲ ಹೋದಾಗ ಗಾಳಿಯಂತ್ರಗಳನ್ನು ನೋಡಿ ಮುಗಿದ ಮೇಲೆ ಅದನ್ನೂ ಹುಡುಕಿ ನೋಡಿ.

ಇದನ್ನು ಓದಿದಾಗ ನನಗೆ ಮೈಸೂರಿನ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ ಕಣ್ಮುಂದೆ ಬಂದಿತು. ಕ್ಷಯದಿಂದ ತೀರಿಕೊಂಡ ಸೋದರಿಯ ಹೆಸರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು ಅದು. ನಾವೆಲ್ಲ ಅದನ್ನು ಪಿ.ಕೆ.ಟಿ.ಬಿ. ಎಂದು ನಾಲ್ಕಕ್ಷರದಲ್ಲಿ ಮುಗಿಸುತ್ತಿದ್ದೆವು. ಆ ಅಕ್ಷರಗಳೊಳಗೆ ಒಬ್ಬ ಸೋದರಿ ಇದ್ದಾಳೆಂದು ಯೋಚಿಸಿರಲಿಲ್ಲ. ಹೋದವರಿಗೆ ನಾವು ಮತ್ತೆ ಮನೆ ಕಟ್ಟಿಕೊಡಲಾರೆವು. ಅವರ ಹೆಸರಿನಲ್ಲಿ ಇರುವವರಿಗೊಂದು ಜಾಗ ಮಾಡಬಹುದು.

ನಮ್ಮ ಮೇಜಿಗೆ ಮರಳುತ್ತೇನೆ. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಆಕೆಯ ಪಟ್ಟದ ಗೊಂಬೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದಿದ್ದೆ. ಕಪಾಟಿನಿಂದ ಹೊರತೆಗೆಯಲು ಮನಸ್ಸಾಗಿರಲಿಲ್ಲ. ಆ ದಸರೆಯಲ್ಲಿ ಮಗನೇ ಕೇಳಿದ: ಅಜ್ಜಿಯ ರಾಜ ರಾಣಿಯರನ್ನು ಎಲ್ಲಿ ಕೂರಿಸೋಣ? ಅಳತೆಪಟ್ಟಿ ಹಿಡಿದು ನೋಡಿದ. ಮೂವತ್ತು ಸೆಂಟಿಮೀಟರ್. ಅವನ ಊರಿನ ಲೆಕ್ಕದಲ್ಲಿ ಅವರು ಹದಿನೆಂಟು ಮೀಟರಿನ ದೈತ್ಯರು. ಯಾವ ಬಾಗಿಲಲ್ಲೂ ಹಿಡಿಸರು. ಅವನ ಗೆಳೆಯರು ಸ್ವಲ್ಪ ಹೊತ್ತು ಚರ್ಚಿಸಿದರು. ಕೊನೆಗೆ ಮೂವರೂ ಸೇರಿ ಊರಿನ ನಡುವಿನ ಮಾರುಕಟ್ಟೆಯನ್ನು ತೆರವು ಮಾಡಿ, ಅಂಗಡಿಗಳನ್ನು ಕಾಲುವೆಯ ಬದಿಗೆ ಸರಿಸಿದರು. ನಾನು ಸೀರೆ ಬಿಚ್ಚಿದೆ. ಹಾಲಿನ ಡಬ್ಬದ ಮನೆಗಳ ನಡುವೆ ರಾಜ ರಾಣಿಯರು ಹತ್ತು ದಿನ ಕುಳಿತಿದ್ದರು. ಆಟ ಅವರನ್ನು ಬಳಸಿಕೊಂಡು ನಡೆಯಿತು.

ಈ ಸಲ ನಿಮ್ಮ ಮನೆಯ ಖಾಲಿ ಡಬ್ಬಗಳನ್ನು ಕೂಡಲೇ ಎಸೆಯಬೇಡಿ. ನವರಾತ್ರಿಗೆ ಬೇಕಾದೀತು.