ಮಣೆಯಿಂದ ಮಾಡ್ಯುಲರ್‌ವರೆಗೆ: ಮುಂಬಯಿ ಅಡುಗೆಮನೆಯ ಮರ ಮತ್ತು ಬಣ್ಣ

ಕಳೆದ ವರ್ಷ ನಮ್ಮ ಮನೆಯ ಅಡುಗೆಕೋಣೆಯನ್ನು ಹೊಸದು ಮಾಡಿಸುವ ಮಾತು ಬಂದಾಗ ಸೊಸೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಕೆಳಗೆ ಸಮುದ್ರನೀಲಿ ಬಣ್ಣದ ಕಪಾಟುಗಳು, ಮೇಲೆ ಜೇನಿನ ಬಣ್ಣದ ಮರದ ಕಟ್ಟೆ. "ನೋಡಿ ಅತ್ತೆ, ಈಗ ಇದೇ ಹೊಸ ಫ್ಯಾಶನ್" ಎಂದಳು. ಚೆಂದವೇನೋ ಇತ್ತು. ಆದರೆ ಅದನ್ನು ನೋಡಿದ ಕೂಡಲೇ ನನಗೆ ನೆನಪಾದದ್ದು ಪರೇಲಿನ ಚಾಳಿನಲ್ಲಿದ್ದ ಅಮ್ಮನ ಹಸಿರು ಜಾಳಿ ಕಪಾಟು ಮತ್ತು ಅದರ ಕೆಳಗೆ ಗೋಡೆಗೆ ಒರಗಿಸಿಟ್ಟಿರುತ್ತಿದ್ದ ಹಲಸಿನ ಮರದ ಮಣೆ. ಬಣ್ಣವೂ ಮರವೂ ನಮ್ಮ ಅಡುಗೆಮನೆಗೆ ಹೊಸತಲ್ಲ. ನಡುವೆ ಅವು ಎಲ್ಲಿಗೆ ಹೋಗಿದ್ದವು, ಏಕೆ ಹೋಗಿದ್ದವು ಎಂಬುದನ್ನು ಹುಡುಕುತ್ತಾ ಹೋದಾಗ ಈ ಲೇಖನ ಹುಟ್ಟಿತು.

ಊರಿನ ಅಡುಗೆಮನೆಯಲ್ಲಿ ನಮ್ಮ ಅಜ್ಜಿಯರು ಕೂತು ಕೆಲಸ ಮಾಡುತ್ತಿದ್ದರು. ತರಕಾರಿ ಹೆಚ್ಚಲು ಮೆಟ್ಟುಕತ್ತಿ, ಕಾಯಿಗೆ ತುರಿಯುವ ಮಣೆ, ಊಟಕ್ಕೆ ಕೂರಲು ಇನ್ನೊಂದು ಮಣೆ, ಚಪಾತಿಗೆ ಲಟ್ಟಣಿಗೆ ಮತ್ತು ಮಣೆ. ಇವೆಲ್ಲವೂ ಮರದ್ದೇ. ಆದರೆ ಒಂದು ವಿಷಯ ಗಮನಿಸಿ: ಇವುಗಳಲ್ಲಿ ಯಾವುದೂ ಗೋಡೆಗೆ ಕೂಡಿಸಿ ಕಟ್ಟಿದ್ದಲ್ಲ. ಕೆಲಸ ಮುಗಿದ ಮೇಲೆ ತೊಳೆದು, ಬಿಸಿಲಿಗೆ ಒರಗಿಸಿ, ಒಣಗಿದ ಮೇಲೆ ಒಳಗೆ ತರುತ್ತಿದ್ದರು. ನಮ್ಮ ಕರಾವಳಿಯ ಮಳೆಯಲ್ಲೂ ಮರ ಬಾಳಿದ್ದು ಈ ಎದ್ದು ಓಡಾಡುವ ಗುಣದಿಂದ. ಬಣ್ಣ ಇದ್ದದ್ದು ನೆಲದಲ್ಲಿ, ಕಾವಿಯ ಕೆಂಪಾಗಿ.

ಈ ಮಣೆಗಳನ್ನು ಗಂಟು ಕಟ್ಟಿಕೊಂಡು ನಮ್ಮವರು ಬಂದಿಳಿದ ಮುಂಬಯಿ ಬೇರೆಯದೇ ಲೋಕ. 1896ರಲ್ಲಿ ಇಲ್ಲಿ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ವಸತಿಯೇ ರೋಗಕ್ಕೆ ಕಾರಣವೆಂದು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿಕೊಂಡಿತು. ಬಳಿಕ 1920ರಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಸ್ಥಾಪನೆಯಾಯಿತು. ವರಳಿ, ನಾಯಗಾಂವ್, ಡಿಲೈಲ್ ರೋಡ್ ಮತ್ತು ಶಿವಡಿಯಲ್ಲಿ ಅದು ಕಟ್ಟಿಸಿದ 207 ಕಟ್ಟಡಗಳೇ ಇಂದಿನ ಬಿಡಿಡಿ ಚಾಳುಗಳು. ಒಂದು ಕೋಣೆಯ ಅಳತೆ ಸುಮಾರು 160 ಚದರ ಅಡಿ. ಮಲಗುವುದು, ಓದುವುದು, ಬಾಣಂತನ, ಬಂದವರ ಉಪಚಾರ, ಅಡುಗೆ, ಎಲ್ಲವೂ ಅಷ್ಟರಲ್ಲೇ. ಶೌಚಾಲಯ ಹೊರಗೆ, ಎಲ್ಲರಿಗೂ ಸೇರಿ.

ನಮ್ಮದು ಬಿಡಿಡಿ ಅಲ್ಲ, ಖಾಸಗಿ ಚಾಳು. ಆದರೆ ಕೋಣೆಯ ಕತೆ ಅದೇ. ಒಂದು ಮೂಲೆಯಲ್ಲಿ ಮೋರಿ, ಅದರ ಪಕ್ಕ ಸೀಮೆಎಣ್ಣೆ ಸ್ಟವ್, ಗೋಡೆಗೆ ಎರಡು ಹಲಗೆ, ಮತ್ತು ಆ ಜಾಳಿ ಕಪಾಟು. ಹಾಲು, ಮೊಸರು, ಮಿಕ್ಕ ಸಾರು ಎಲ್ಲ ಅದರೊಳಗೆ. ಇರುವೆ ಹತ್ತದಂತೆ ಅದರ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಬಟ್ಟಲುಗಳಲ್ಲಿ ಇಡುತ್ತಿದ್ದರು. ದೀಪಾವಳಿಗೆ ಮೊದಲು ಅಪ್ಪ ಅದಕ್ಕೆ ಆಯಿಲ್ ಪೇಂಟ್ ಬಳಿಯುತ್ತಿದ್ದರು. ಅದು ಅಲಂಕಾರಕ್ಕಲ್ಲ. ಅಗ್ಗದ ಮರ ಮಳೆಗಾಲದ ತೇವಕ್ಕೆ ಹಾಳಾಗದಿರಲಿ ಎಂದು. ಬಾಗಿಲಿಗೆ ತಂದು ಉಳಿದ ಬಣ್ಣ ಯಾವುದೋ ಅದೇ ಕಪಾಟಿನ ಬಣ್ಣ. ಹಾಗಾಗಿ ಒಂದು ವರ್ಷ ಹಸಿರು, ಇನ್ನೊಂದು ವರ್ಷ ನೀಲಿ.

ಅಮ್ಮ ಎದ್ದು ನಿಂತು ಅಡುಗೆ ಮಾಡತೊಡಗಿದ್ದು ಆಮೇಲೆ. 1920–30ರ ದಶಕಗಳಲ್ಲೇ ಮಾಟುಂಗಾ, ದಾದರ್ ಕಡೆ ಪ್ರತ್ಯೇಕ ಅಡುಗೆಕೋಣೆಯಿರುವ ಫ್ಲ್ಯಾಟುಗಳು ಎದ್ದಿದ್ದವು. ದಕ್ಷಿಣದಿಂದ ಬಂದ ಅನೇಕ ಕುಟುಂಬಗಳು ಅಲ್ಲಿ ನೆಲೆಸಿದವು. 1950ರ ದಶಕದ ನಡುವೆ ಬರ್ಮಾ ಶೆಲ್ ಕಂಪೆನಿ ಮುಂಬಯಿಯಲ್ಲಿ 'ಬರ್ಶೇನ್' ಹೆಸರಿನಲ್ಲಿ ಅಡುಗೆ ಅನಿಲ ಮಾರತೊಡಗಿತು. ಸಿಲಿಂಡರು ಕೆಳಗೆ, ಒಲೆ ಮೇಲೆ. ಅದಕ್ಕೊಂದು ಎತ್ತರದ ಕಟ್ಟೆ ಬೇಕಾಯಿತು. ಇಲ್ಲಿನ ಬಾಯಲ್ಲಿ ಅದು 'ಓಟಾ'. ಅದರ ಮೇಲೆ ಹಾಸಿದ್ದು ಆಂಧ್ರದ ಕಡಪದಿಂದ ಬರುವ ಕಪ್ಪು ಕಲ್ಲು. ಊರಿನ ಹೆಸರೇ ಕಲ್ಲಿಗೂ ಬಂದು 'ಕಡಪ್ಪಾ' ಆಯಿತು. ಅಗ್ಗದ್ದು, ನೀರು ಬಿದ್ದರೆ ಉಬ್ಬದು, ಗೆದ್ದಲು ತಿನ್ನದು. ಆದರೆ ಆ ಕಟ್ಟೆಯ ಎತ್ತರ ಎಷ್ಟಿರಬೇಕೆಂದು ಯಾರೂ ಅಮ್ಮನನ್ನು ಕೇಳಲಿಲ್ಲ. ಗಾರೆಯವನು ತನ್ನ ಅಳತೆಗೆ ಕಟ್ಟಿದ. ಅಮ್ಮ ಕುಳ್ಳಗಿದ್ದರು. ಮೂವತ್ತು ವರ್ಷ ಭುಜ ಎತ್ತಿಯೇ ತಿರುವಿದರು. ಕಾಯಿ ತುರಿಯಲು ಮಾತ್ರ ಕೊನೆಯವರೆಗೂ ನೆಲಕ್ಕಿಳಿದು ಮಣೆಯ ಮೇಲೆ ಕೂರುತ್ತಿದ್ದರು. ಅದು ಹಳೆಯ ಅಭ್ಯಾಸವೆಂದು ನಾವು ನಗುತ್ತಿದ್ದೆವು. ಅದು ಅವರ ಬೆನ್ನಿಗೆ ಸಿಗುತ್ತಿದ್ದ ವಿಶ್ರಾಂತಿ ಎಂದು ನನಗೆ ತಿಳಿದದ್ದು ನನ್ನ ಬೆನ್ನು ನೋಯತೊಡಗಿದ ಮೇಲೆ.

ಇತ್ತ ಬಿಡಿಡಿ ಚಾಳುಗಳು ಎದ್ದ ದಶಕದಲ್ಲೇ, 1926ರಲ್ಲಿ, ಅತ್ತ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲೂ ಕಾರ್ಮಿಕರ ವಸತಿಗಾಗಿ ಒಂದು ಅಡುಗೆಮನೆ ರೂಪುಗೊಂಡಿತು. ಅದನ್ನು ರೂಪಿಸಿದವರು ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ಎಂಬ ಮಹಿಳಾ ವಾಸ್ತುಶಿಲ್ಪಿ. ಇಂದಿನ ಮಾಡ್ಯುಲರ್ ಕಿಚನ್‌ಗೆ ಅದೇ ಅಜ್ಜಿ ಎನ್ನಬಹುದು. ಅದರ ಅಳತೆ ಸುಮಾರು 1.9 ಮೀಟರ್‌ಗೆ 3.4 ಮೀಟರ್, ಅಂದರೆ ಹೆಚ್ಚುಕಡಿಮೆ 70 ಚದರ ಅಡಿ. ರೈಲಿನ ಊಟದ ಬೋಗಿಯ ಇಕ್ಕಟ್ಟಾದ ಅಡುಗೆಕೋಣೆಯನ್ನು ಆಕೆ ಮಾದರಿಯಾಗಿ ನೋಡಿದ್ದರು. ಕಪಾಟುಗಳಿಗೆ ನೀಲಿಹಸಿರು ಬಣ್ಣ, ಏಕೆಂದರೆ ನೀಲಿ ಬಣ್ಣದ ಮೇಲೆ ನೊಣ ಕೂರುವುದಿಲ್ಲವೆಂದು ಆಗ ನಂಬಿದ್ದರು. ಕೆಲಸದ ಮೇಜಿಗೆ ಗಟ್ಟಿಯಾದ ಬೀಚ್ ಮರ, ಹಿಟ್ಟಿನ ಡಬ್ಬಿಗೆ ಹುಳು ಬಾರದ ಓಕ್ ಮರ. ಸೊಸೆ ತೋರಿಸಿದ ಹೊಸ ಫ್ಯಾಶನ್ನಿಗೆ ಹೀಗೆ ನೂರು ವರ್ಷ! ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಬೇರೆ: ಅಲ್ಲಿ ಕೂತು ಕೆಲಸ ಮಾಡಲು ತಿರುಗುವ ಸ್ಟೂಲು ಇತ್ತು. ಆದರೆ ಅದಕ್ಕೂ ಒಂದು ಕೊರತೆಯಿತ್ತು. ಅಲ್ಲಿ ಒಬ್ಬರಿಗೆ ಮಾತ್ರ ಜಾಗ. ಮನೆಯ ಹೆಂಗಸು ಒಂಟಿಯಾಗಿ ಒಳಗುಳಿದಳು ಎಂಬ ಟೀಕೆ ಆಮೇಲೆ ಬಂತು. ಮುಂಬಯಿಯ ಬಿಲ್ಡರುಗಳು ಕೊಡುವ ಕಿರಿದಾದ ಅಡುಗೆಕೋಣೆಯಲ್ಲಿ ನಿಂತವರಿಗೆ ಈ ಟೀಕೆಯನ್ನು ವಿವರಿಸಬೇಕಾಗಿಲ್ಲ.

ಮುಂಬಯಿಯಲ್ಲಿ ಮರಕ್ಕೇನೂ ಬರವಿರಲಿಲ್ಲ. 1817ರಲ್ಲಿ ಇಲ್ಲಿನ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಕಟ್ಟಿದ 'ಟ್ರಿಂಕೋಮಲೀ' ಹಡಗು ಇಂದಿಗೂ ಇಂಗ್ಲೆಂಡಿನಲ್ಲಿ ತೇಲುತ್ತಿದೆ. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿನ ತೇಗಕ್ಕೂ ಬರ್ಮಾದ ತೇಗಕ್ಕೂ ಇಲ್ಲಿ ಬೇಡಿಕೆಯಿತ್ತು. ಆದರೆ ತೇಗ ಸೇರಿದ್ದು ಹಡಗಿಗೆ, ರೈಲಿಗೆ, ದೊಡ್ಡವರ ಬಾಗಿಲು ಕಿಟಕಿಗೆ. ಚಾಳಿನ ಅಡುಗೆಯ ಮೂಲೆಗೆ ಬಂದದ್ದು ಪೆಟ್ಟಿಗೆ ಒಡೆದ ಹಲಗೆ. ನಂತರ ಬಂದದ್ದು ಪ್ಲೈವುಡ್ ಮತ್ತು ಅದರ ಮೇಲೆ ಅಂಟಿಸುವ ಹಾಳೆ. 1912ರಲ್ಲಿ ಅಮೆರಿಕದಲ್ಲಿ ವಿದ್ಯುತ್ ಉಪಕರಣಗಳಲ್ಲಿ ಅಭ್ರಕದ, ಅಂದರೆ ಮೈಕಾದ, ಬದಲಿಗೆಂದು ಹುಟ್ಟಿದ ವಸ್ತು 'ಫಾರ್ಮೈಕಾ'. ನಮ್ಮಲ್ಲಿ ಮನೆಮಾತಾದದ್ದು 'ಸನ್‌ಮೈಕಾ' ಎಂಬ ಹೆಸರು. ಬೇಕಾದ ಬಣ್ಣ ಅದರಲ್ಲಿತ್ತು, ಮರದ ಗೆರೆಗಳ ಚಿತ್ರವೂ ಇತ್ತು. ಹೀಗೆ ಮರ ಹೋಗಿ ಮರದ ಫೋಟೊ ಬಂತು.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಸೊಸೆಯ ಆಸೆಯಂತೆ ನೀಲಿ ಕಪಾಟು, ಉದ್ದಕ್ಕೂ ಅಸಲಿ ಮರದ ಕಟ್ಟೆ ಮಾಡಿಸಿದೆವು. ಕೆಲಸದವರು "ಏನೂ ಆಗುವುದಿಲ್ಲ" ಎಂದರು. ಮೊದಲ ಮಳೆಗಾಲದಲ್ಲೇ ಸಿಂಕಿನ ಸುತ್ತ ಕಪ್ಪಾಯಿತು, ಒಂದು ಜೋಡಣೆ ಬಾಯ್ದೆರೆಯಿತು. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿದು; ಒಣಗಲು ಬಿಡದೆ ಮರವನ್ನು ನೀರಿನ ಪಕ್ಕ ಕಟ್ಟಿಹಾಕಿದರೆ ಇನ್ನೇನಾದೀತು? ಅಜ್ಜಿಯ ಮಣೆ ಕಲಿಸಿದ್ದ ಪಾಠವನ್ನು ನಾವು ಮರೆತಿದ್ದೆವು.

ಕೊನೆಗೆ ಸಿಂಕು ಮತ್ತು ಒಲೆಯ ಕಡೆ ಕಪ್ಪು ಗ್ರಾನೈಟ್ ಹಾಕಿಸಿ, ಮರವನ್ನು ಒಣ ಮೂಲೆಯಲ್ಲಿ, ಹೆಚ್ಚುವ ನಾದುವ ಜಾಗದಲ್ಲಿ ಮಾತ್ರ ಉಳಿಸಿಕೊಂಡೆವು. ನಿಮಗೂ ಆಸೆಯಿದ್ದರೆ ನನ್ನ ಅನುಭವದ ನಾಲ್ಕು ಮಾತು ಹೇಳುತ್ತೇನೆ. ಬಣ್ಣವನ್ನು ಅಂಗಡಿಯ ದೀಪದಲ್ಲಿ ಆರಿಸಬೇಡಿ. ತುಂಡನ್ನು ಮನೆಗೆ ತಂದು ನಿಮ್ಮ ಅಡುಗೆಮನೆಯ ಬೆಳಕಿನಲ್ಲಿ ಮರದ ಪಕ್ಕ ಇಟ್ಟು ನೋಡಿ. ಕೆಂಪು ಕಂದು ಛಾಯೆಯ ತೇಗಕ್ಕೆ ನೀಲಿ, ಹಸಿರು ಒಪ್ಪುತ್ತವೆ. ಬೆಳಕು ಕಡಿಮೆಯಿದ್ದರೆ ಮೇಲಿನ ಕಪಾಟು ತಿಳಿಬಣ್ಣದ್ದಿರಲಿ. ಮರಕ್ಕೆ ಮಿನರಲ್ ಆಯಿಲ್ ಹಚ್ಚಿ. ಅಡುಗೆ ಎಣ್ಣೆ ಹಚ್ಚಿದರೆ ಕನಲು ವಾಸನೆ ಬರುತ್ತದೆ. ಎಲ್ಲಕ್ಕಿಂತ ಮೊದಲು, ಅಡುಗೆ ಮಾಡುವವರನ್ನು ನಿಲ್ಲಿಸಿ ಮೊಣಕೈಗಿಂತ ನಾಲ್ಕು ಇಂಚು ಕೆಳಗೆ ಕಟ್ಟೆಯ ಎತ್ತರ ಗುರುತಿಸಿ. ಮನೆಯ ಗಂಡಸರೂ ಅಡುಗೆ ಮಾಡುವುದಾದರೆ ಅವರದ್ದೂ ಅಳತೆ ತೆಗೆದುಕೊಳ್ಳಿ. ನಮ್ಮಲ್ಲಿ ಮರದ ಮೂಲೆ ಎರಡು ಇಂಚು ತಗ್ಗಾಗಿದೆ. ಅಲ್ಲೊಂದು ಸ್ಟೂಲೂ ಇದೆ.

ಇಂದು ಬಿಡಿಡಿ ಚಾಳುಗಳು ಒಂದೊಂದಾಗಿ ಉರುಳಿ, ಅಲ್ಲಿನ ಕುಟುಂಬಗಳಿಗೆ 500 ಚದರ ಅಡಿಯ ಫ್ಲ್ಯಾಟು ಸಿಗುತ್ತಿದೆ. ಸಂತೋಷದ ವಿಷಯ. ಆದರೆ ಹಳೆಯ ಕೋಣೆಗಳ ಜೊತೆ ಆ ಅಡುಗೆಯ ಮೂಲೆಗಳೂ ಹೋಗುತ್ತಿವೆ. ನಮ್ಮ ಆಲ್ಬಮ್ ತೆರೆದು ನೋಡಿದೆ. ಮದುವೆ, ನಾಮಕರಣ, ಯಕ್ಷಗಾನ, ಪ್ರವಾಸ ಎಲ್ಲ ಇವೆ, ಅಮ್ಮ ದಿನದ ಬಹುಪಾಲು ಕಳೆದ ಆ ಮೂಲೆಯ ಫೋಟೊ ಒಂದೂ ಇಲ್ಲ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಈಗಲೇ ಕೇಳಿ: ಒಲೆ ಎಲ್ಲಿತ್ತು, ಕಪಾಟಿಗೆ ಯಾವ ಬಣ್ಣವಿತ್ತು, ಕಟ್ಟೆ ಎಷ್ಟು ಎತ್ತರವಿತ್ತು. ಕೇಳಿ ಬರೆದಿಡಿ. ಮಣೆಯೇನಾದರೂ ಉಳಿದಿದ್ದರೆ ಎಸೆಯಬೇಡಿ. ನಮ್ಮದು ಹೊಸ ಅಡುಗೆಮನೆಯ ಕಿಟಕಿಯ ಬಳಿ, ಬಿಸಿಲು ಬೀಳುವ ಕಡೆ ಒರಗಿಕೊಂಡಿದೆ. ಕಾಯಿ ತುರಿಯಲು ಈಗಲೂ ಅದೇ.